ವಾಸವದತ್ತೆಯ ತಲೆನೋವು

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಮಡಿಕೇರಿಗೆ ಹೋಗತಕ್ಕ ಹೆದ್ದಾರಿಯಲ್ಲಿ, ಪಿರಿಯಾಪಟ್ಟಣವು ಇನ್ನೂ ಸ್ವಲ್ಪ ದೂರವಿರುವಾಗಲೇ, ಕಂಪಲಾಪುರವೆಂಬ ಊರು ಸಿಗುತ್ತದೆ. ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದ ಸೀಮೆ ಅದು; ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಅಲ್ಲಿದೆ. ಈ ಊರಿನ ಸುತ್ತಣ ಹಳ್ಳಿಗಳಲ್ಲಿಯೂ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯಲ್ಲಿಯೂ, ಹಬ್ಬ ಜಾತ್ರೆಗಳು ಬಂದವೆಂದರೆ ಪೌರಾಣಿಕ ನಾಟಕಗಳನ್ನು ಆಡುವ ರೂಢಿಯುಂಟು. ಹಗಲೆಲ್ಲ ಹೊಲದಲ್ಲಿ ದುಡಿದವರೇ ರಾತ್ರಿ ಕಿರೀಟ ಧರಿಸಿ ನಿಲ್ಲುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ. ಊರಿಗೆ ಊರೇ ಬೆಳಗಿನ ಜಾವದವರೆಗೆ ಕುಳಿತು ನೋಡುತ್ತದೆ.

ಇಂಥ ನಾಟಕಗಳನ್ನು ನೋಡಿದವರೆಲ್ಲರಿಗೂ ಒಂದು ಸಂಗತಿ ಗೊತ್ತಿರುತ್ತದೆ. ರುಕ್ಮಿಣಿಯ ಮೇಲಣ ಮತ್ಸರದಿಂದ ಸತ್ಯಭಾಮೆಯು ಆಭರಣಗಳನ್ನು ಕಿತ್ತೆಸೆದು, ಮುಖ ತಿರುಗಿಸಿ ಕುಳಿತು, ಕೃಷ್ಣನು ಏನು ಹೇಳಿದರೂ ಅದಕ್ಕೆ ವಿಪರೀತಾರ್ಥವನ್ನೇ ಹಚ್ಚತೊಡಗಿದಳೆಂದರೆ ಸಭೆಯು ನಗೆಗಡಲಲ್ಲಿ ಮುಳುಗುತ್ತದೆ. ಆದರೆ ಮಾರನೆಯ ದಿನ ಅದೇ ನಡವಳಿಕೆಯು ತಮ್ಮ ಮನೆಯಲ್ಲಿ ಕಾಣಿಸಿಕೊಂಡರೆ ಅದೇ ಜನ ನಗುವುದಿಲ್ಲ. ಮನೆ ಮುರಿಯುವ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುವ ಭಾವವೊಂದು ರಂಗದ ಮೇಲೇರಿದೊಡನೆ ವಿನೋದದ ವಸ್ತುವಾಗುವುದೇಕೆ? ಹಾಗೆ ನಗುವಾಗ ನಾವು ನಗುತ್ತಿರುವುದು ಯಾರನ್ನು ನೋಡಿ? ನಗಬೇಕಾದದ್ದು ಯಾರನ್ನು ನೋಡಿ? ಈ ಪ್ರಶ್ನೆಗಳು ಸಾಹಿತ್ಯಕ್ಕೆ ಮಾತ್ರವೇ ಸೇರಿದವಲ್ಲ, ಮನಶ್ಶಾಸ್ತ್ರಕ್ಕೂ ಸೇರಿದವು. ಯೌವನದ ಹೊಸ್ತಿಲಲ್ಲಿ ನಿಂತಿರುವ ನಮ್ಮ ತರುಣ ವಾಚಕರಿಗಂತೂ ಇವು ನಾಳೆಯ ಬಾಳಿಗೆ ಬೇಕಾದ ಪ್ರಶ್ನೆಗಳು. ಆದಕಾರಣ ಈ ತಿಂಗಳು ಇವನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೈಸೂರಿಗೆ ಬಂದ ಒಂದು ನಾಟಕ

ಈ ವಿಚಾರಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಇಂದು ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊಟ್ಟಮೊದಲನೆಯದೆಂದು ಪರಿಗಣಿತವಾಗಿರುವ ‘ಮಿತ್ರವಿಂದಾ ಗೋವಿಂದ’ವು ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಹುಟ್ಟಿದ್ದು. ಅದನ್ನು ಬರೆದವನು ಸಿಂಗರಾರ್ಯ. ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯನ ತಮ್ಮ. ಅದು ಸ್ವತಂತ್ರ ಕೃತಿಯಲ್ಲ. ಏಳನೆಯ ಶತಮಾನದಲ್ಲಿ ಕನೋಜಿನಿಂದ ಆಳಿದ ಹರ್ಷವರ್ಧನನು ಸಂಸ್ಕೃತದಲ್ಲಿ ರಚಿಸಿದ ‘ರತ್ನಾವಳಿ’ಯನ್ನು ಸಿಂಗರಾರ್ಯನು ಕನ್ನಡಕ್ಕೆ ತಂದು, ವತ್ಸರಾಜ ಉದಯನನ ಸ್ಥಾನದಲ್ಲಿ ಶ್ರೀಕೃಷ್ಣನನ್ನೂ ರತ್ನಾವಳಿಯ ಸ್ಥಾನದಲ್ಲಿ ಮಿತ್ರವಿಂದೆಯನ್ನೂ ನಿಲ್ಲಿಸಿದನು. ಬಾದಾಮಿಯ ಇಮ್ಮಡಿ ಪುಲಕೇಶಿಯು ನರ್ಮದೆಯ ತೀರದಲ್ಲಿ ತಡೆದು ಹಿಂದಟ್ಟಿದ ಹರ್ಷನೇ ಈ ಹರ್ಷನು. ಕತ್ತಿ ಹಿಡಿದು ಕನ್ನಡ ನಾಡನ್ನು ಪ್ರವೇಶಿಸಲಾರದೆ ಹೋದವನು ಸಾವಿರ ವರ್ಷಗಳ ತರುವಾಯ ನಾಟಕದ ಮೂಲಕ ಪ್ರವೇಶಿಸಿದನೆಂದು ವಿನೋದವಾಗಿ ಹೇಳಬಹುದು.

ಈ ನಾಟಕದೊಡನೆ ಮೈಸೂರಿನ ನಂಟು ಅಲ್ಲಿಗೇ ಮುಗಿಯಲಿಲ್ಲ. ‘ಅಭಿನವ ಕಾಳಿದಾಸ’ನೆಂದು ಬಿರುದು ಪಡೆದ ಬಸವಪ್ಪಶಾಸ್ತ್ರಿಗಳು (1843–1891) ‘ರತ್ನಾವಳಿ’ಯನ್ನು ಕನ್ನಡಿಸಿದರು. ಹೆಸರಾಂತ ನಟ ಎ. ವಿ. ವರದಾಚಾರ್ಯರು ತಮ್ಮ ನಾಟಕ ಮಂಡಳಿಗೆ ಈ ನಾಟಕದ ಹೆಸರನ್ನೇ ಇಟ್ಟರು. ಮನಸ್ಸಿನ ವ್ಯಾಪಾರಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಪ್ರಾರಂಭವಾದುದೂ ಇದೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೇ. ನಾಟಕವನ್ನೂ ಮನಶ್ಶಾಸ್ತ್ರವನ್ನೂ ಒಂದೇ ಮಣೆಯ ಮೇಲೆ ಕೂರಿಸಿ ಮಾತನಾಡಿಸಲು ಇದಕ್ಕಿಂತ ತಕ್ಕ ಊರಿಲ್ಲ.

ಕಥೆಯನ್ನು ಸಂಕ್ಷೇಪವಾಗಿ ನೋಡೋಣ. ಸಿಂಹಳದ ರಾಜಕುಮಾರಿ ರತ್ನಾವಳಿಯು ಹಡಗು ಒಡೆದು ಸಮುದ್ರದ ಪಾಲಾಗಿ, ಹೇಗೋ ಬದುಕಿ, ಕೌಶಾಂಬಿಯನ್ನು ಸೇರುತ್ತಾಳೆ. ಅಲ್ಲಿ ಆಕೆ ಯಾರೆಂಬುದು ರಾಣಿ ವಾಸವದತ್ತೆಗೆ ತಿಳಿಯದು. ಸಾಗರದಿಂದ ಬಂದವಳೆಂದು ಸಾಗರಿಕೆ ಎಂಬ ಹೆಸರಿನಿಂದ ಅಂತಃಪುರದ ಪರಿಚಾರಿಕೆಯಾಗಿರುತ್ತಾಳೆ. ಅವಳ ಚೆಲುವನ್ನು ಕಂಡ ರಾಣಿಯು, ತನ್ನ ಗಂಡನ ಸ್ವಭಾವವನ್ನು ಬಲ್ಲವಳಾದ್ದರಿಂದ, ಅವಳನ್ನು ರಾಜನ ಕಣ್ಣಿಗೆ ಬೀಳದಂತೆ ಕಾಪಾಡುತ್ತಾಳೆ. ಆದರೂ ಬೀಳಬಾರದ ಕಣ್ಣಿಗೆ ಅವಳು ಬೀಳುತ್ತಾಳೆ. ಸಾಗರಿಕೆಯು ರಾಜನ ಚಿತ್ರವನ್ನು ಬರೆಯುತ್ತಾಳೆ. ಸಖಿಯಾದ ಸುಸಂಗತೆಯು ಅದರ ಪಕ್ಕದಲ್ಲಿ ಸಾಗರಿಕೆಯ ಚಿತ್ರವನ್ನೇ ಬರೆದು ಪರಿಹಾಸ್ಯ ಮಾಡುತ್ತಾಳೆ. ಅವರ ಗುಟ್ಟಿನ ಮಾತುಗಳನ್ನು ಕೇಳಿಸಿಕೊಂಡ ಸಾಕು ಸಾರಿಕೆಯೊಂದು ಪಂಜರದಿಂದ ಹಾರಿಹೋಗಿ, ಕೇಳಿದ್ದನ್ನೆಲ್ಲ ರಾಜನ ಕಿವಿಗೆ ಬೀಳುವಂತೆ ಒದರಿಬಿಡುತ್ತದೆ. ಚಿತ್ರವೂ ರಾಜನ ಕೈಗೆ ಸಿಗುತ್ತದೆ. ರಾಣಿಯು ಬರುವುದನ್ನು ಕಂಡು ವಿದೂಷಕನು ಚಿತ್ರಫಲಕವನ್ನು ಕಂಕುಳಲ್ಲಿ ಮುಚ್ಚಿಕೊಳ್ಳುತ್ತಾನೆ; ಸಂತೋಷದಿಂದ ತೋಳೆತ್ತಿ ಕುಣಿಯಹೋಗಿ ಅದನ್ನು ಕೆಡವಿ ರಾಣಿಗೇ ತೋರಿಸಿಬಿಡುತ್ತಾನೆ.

ಸಭೆಯು ಗೊಳ್ಳೆಂದು ನಗುವ ಸ್ಥಳವಿದು. ನಮ್ಮ ಲೇಖನಕ್ಕೆ ತಿರುಳಾದ ಸ್ಥಳವೂ ಇದೇ. ಪಕ್ಕದಲ್ಲಿರುವ ಕನ್ಯೆಯ ಚಿತ್ರವನ್ನು ತಾನು ಬರಿಯ ಕಲ್ಪನೆಯಿಂದ ಬರೆದೆನೆಂದು ರಾಜನು ಹೇಳುತ್ತಾನೆ. ಅಂಥವಳನ್ನು ಹಿಂದೆ ಕಂಡದ್ದೇ ಇಲ್ಲವೆಂದು ವಿದೂಷಕನು ಜನಿವಾರದ ಮೇಲೆ ಆಣೆಯಿಡುತ್ತಾನೆ. ಆಗ ರಾಣಿಯ ದಾಸಿಯಾದ ಕಾಂಚನಮಾಲೆಯು, ಒಮ್ಮೊಮ್ಮೆ ಘುಣಾಕ್ಷರವೂ ಸಂಭವಿಸುವುದುಂಟೆಂದು ರಾಣಿಗೆ ಸಮಾಧಾನ ಹೇಳುತ್ತಾಳೆ. ಮರವನ್ನು ಕೊರೆಯುವ ಹುಳುವು ತಿಂದು ಮಾಡಿದ ಗೀರುಗಳು ಆಕಸ್ಮಿಕವಾಗಿ ಅಕ್ಷರದಂತೆ ಕಾಣುವುದಕ್ಕೆ ಘುಣಾಕ್ಷರವೆಂದು ಹೆಸರು. ಎಂದರೆ, ಚಿತ್ರಕ್ಕೂ ಸಾಗರಿಕೆಗೂ ಇರುವ ಹೋಲಿಕೆ ಕೇವಲ ಕಾಕತಾಳೀಯವಿರಬಹುದು ಎಂದಂತಾಯಿತು. ರಾಣಿಯು ಇದನ್ನು ಒಪ್ಪುವುದಿಲ್ಲ. ಮಾತನಾಡುತ್ತಿರುವವನು ಯಾರೆಂಬುದನ್ನು ಗಮನಿಸಬೇಕು, ಅವನ ಮಾತಿನ ವಕ್ರತೆಯು ನಿನಗೆ ತಿಳಿಯದು ಎಂಬ ಅರ್ಥದಲ್ಲಿ ಉತ್ತರ ಕೊಡುತ್ತಾಳೆ. ಬಳಿಕ, ಚಿತ್ರವನ್ನು ನೋಡಿ ನೋಡಿ ತನಗೆ ತಲೆನೋವು ಬಂದಿತೆಂದು ಹೇಳಿ ಹೊರಟುಹೋಗುತ್ತಾಳೆ.

ಡಾರ್ವಿನ್ ಮಹಾಶಯನು 1872ರಲ್ಲಿ ಪ್ರಕಟಿಸಿದ, ಭಾವಗಳ ಅಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಮಾತಿದೆ. ಕೋಪಕ್ಕೆ, ಭಯಕ್ಕೆ ಇರುವಂತೆ ಅಸೂಯೆಗೆ ತನ್ನದೇ ಆದ ಮುಖಚಹರೆ ಇಲ್ಲ. ಚಿತ್ರಕಾರನು ಅಸೂಯೆಯನ್ನು ತೋರಿಸಬೇಕಾದರೆ ಸುತ್ತಲಿನ ಇತರ ಪರಿಕರಗಳ ನೆರವನ್ನು ಪಡೆಯಲೇಬೇಕು ಎಂಬುದು ಅದರ ತಾತ್ಪರ್ಯ. ಹರ್ಷನು ಇದನ್ನು ಹನ್ನೆರಡು ಶತಮಾನಗಳ ಮುಂಚೆಯೇ ಅರಿತಂತಿದೆ. ರಾಣಿಯ ಅಸೂಯೆಗೆ ಅವನು ಹುಡುಕಿ ಕೊಟ್ಟ ಪರಿಕರವೇ ತಲೆನೋವು.

ಭಾವವು ಹಳೆಯದು, ನಿರ್ದೋಷಿ

ಅಸೂಯೆಯೆಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಮೂರು ಪದರಗಳಿವೆ ಎಂಬುದು ನಮ್ಮ ಅಭಿಪ್ರಾಯ: ಒಂದು ಭಾವ, ಎರಡು ಅನುಮಾನ, ಮೂರು ಕ್ರಿಯೆ. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕಶಾಸ್ತ್ರದ ಅನುಮಾನ. ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುವುದರಿಂದಲೇ ಅಸೂಯೆಯನ್ನು ಕೆಲವರು ಪಾಪವೆಂದು ತೆಗಳುತ್ತಾರೆ, ಕೆಲವರು ಪ್ರೀತಿಯ ಕುರುಹೆಂದು ಹೊಗಳುತ್ತಾರೆ.

ಮೊದಲು ಭಾವವನ್ನು ನೋಡೋಣ. 2014ರಲ್ಲಿ ಕ್ಯಾಲಿಫೋರ್ನಿಯದ ಕ್ರಿಸ್ಟೀನ್ ಹ್ಯಾರಿಸ್ ಮತ್ತು ಕ್ಯಾರೊಲಿನ್ ಪ್ರೂವೊಸ್ಟ್ ಎಂಬ ವಿಜ್ಞಾನಿಗಳು 36 ಸಾಕು ನಾಯಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಯಜಮಾನನು ತನ್ನ ನಾಯಿಯನ್ನು ಅಲಕ್ಷಿಸಿ, ಬೊಗಳುವ ಮತ್ತು ಬಾಲವಾಡಿಸುವ ಆಟದ ನಾಯಿಯೊಂದನ್ನು ಮುದ್ದಿಸಬೇಕು. ಇನ್ನೊಮ್ಮೆ ಪುಸ್ತಕವೊಂದನ್ನು ಗಟ್ಟಿಯಾಗಿ ಓದಬೇಕು. ಆಟದ ನಾಯಿಯನ್ನು ಮುದ್ದಿಸಿದಾಗ ನೂರಕ್ಕೆ 78ರಷ್ಟು ನಾಯಿಗಳು ಯಜಮಾನನನ್ನು ಮೂತಿಯಿಂದ ತಿವಿದುವು ಇಲ್ಲವೆ ಮುಟ್ಟಿದುವು. ಪುಸ್ತಕವನ್ನು ಓದಿದಾಗ ಹಾಗೆ ಮಾಡಿದುವು ನೂರಕ್ಕೆ 22 ಮಾತ್ರ. ಯಜಮಾನನ ಗಮನ ತಪ್ಪಿತೆಂಬುದಕ್ಕಿಂತ, ಆ ಗಮನವು ಮತ್ತೊಂದು ನಾಯಿಗೆ ಹೋಯಿತೆಂಬುದೇ ಅವುಗಳನ್ನು ಕಲಕಿತು. ಇನ್ನೊಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಅದು ಬೇಕಾಗುತ್ತದೆ. ಸುಮಾರು ಕಾಲು ಭಾಗದ ನಾಯಿಗಳು ಆ ಆಟದ ನಾಯಿಯನ್ನೇ ಕಚ್ಚಲು ಹೋದುವು.

2017ರಲ್ಲಿ ಅದೇ ಕ್ಯಾಲಿಫೋರ್ನಿಯದಲ್ಲಿ ಟಿಟಿ ಎಂಬ ಜಾತಿಯ ಕೋತಿಗಳನ್ನು ಪರೀಕ್ಷಿಸಲಾಯಿತು. ಇವು ಗಂಡುಹೆಣ್ಣು ಜೋಡಿಯಾಗಿ ಬಾಳುವ ಪ್ರಾಣಿಗಳು. ತನ್ನ ಜೊತೆಗಾತಿಯು ಅಪರಿಚಿತವಾದ ಗಂಡಿನ ಪಕ್ಕದಲ್ಲಿರುವುದನ್ನು ಗಂಡು ಕೋತಿಗೆ ತೋರಿಸಿ ಮಿದುಳನ್ನು ಪರಿಶೀಲಿಸಿದಾಗ, ಸಾಮಾಜಿಕ ನೋವಿಗೂ ಜೋಡಿಯ ಬಂಧಕ್ಕೂ ಸಂಬಂಧಿಸಿದ ಭಾಗಗಳಲ್ಲಿ ಚಟುವಟಿಕೆಯು ಏರಿದುದು ಕಂಡುಬಂದಿತು; ರಕ್ತದಲ್ಲಿ ಒತ್ತಡದ ಹಾರ್ಮೋನೂ ಹೆಚ್ಚಿದ್ದಿತು. ಪ್ರಾಣಿಯ ಮನಸ್ಸಿನಲ್ಲಿ ಏನು ನಡೆಯಿತೆಂದು ಇವುಗಳಿಂದ ಹೇಳಲಾಗದು. ಆದರೆ ಬಂಧವೊಂದಕ್ಕೆ ಮೂರನೆಯವರಿಂದ ಅಪಾಯ ಒದಗಿದಾಗ ಕಳವಳಗೊಳ್ಳುವ ಶಕ್ತಿಯು ಮನುಷ್ಯನ ಆವಿಷ್ಕಾರವಲ್ಲ, ಅವನಿಗಿಂತ ಪುರಾತನವಾದದ್ದು ಎಂದು ನಂಬಲು ಆಧಾರ ದೊರೆಯುತ್ತದೆ. ಹೊಟ್ಟೆ ಹಸಿದರೆ ಯಾರೂ ನಾಚಬೇಕಾಗಿಲ್ಲ. ಎದೆಯಲ್ಲಿ ಈ ಚುಚ್ಚು ಹುಟ್ಟಿದರೂ ನಾಚಬೇಕಾಗಿಲ್ಲ.

ಬುದ್ಧಿಗೆಟ್ಟವರು ಯಾರು?

ಹಾಗಾದರೆ ನಾಟಕದಲ್ಲಿ ಬುದ್ಧಿಗೆಟ್ಟು ನಡೆಯುವವರು ಯಾರು? ರೂಢಿಯ ಉತ್ತರ: ಮತ್ಸರದ ರಾಣಿ. ನಮ್ಮ ಉತ್ತರ: ಮೊದಲು ರಾಜನ ಕಡೆಗೆ ಬೆರಳು ತೋರಿಸಿ.

ಮೂರನೆಯ ಅಂಕದಲ್ಲಿ ವಿದೂಷಕನೂ ಸುಸಂಗತೆಯೂ ಸೇರಿ, ಸಾಗರಿಕೆಗೆ ರಾಣಿಯ ವೇಷವನ್ನೇ ತೊಡಿಸಿ ಸಂಜೆಗತ್ತಲಲ್ಲಿ ರಾಜನಲ್ಲಿಗೆ ಕರೆತರುವ ಉಪಾಯ ಹೂಡುತ್ತಾರೆ. ಕಾಂಚನಮಾಲೆಗೆ ಅದರ ಸುಳಿವು ಸಿಗುತ್ತದೆ. ಆಗ ರಾಣಿಯೇ ಸ್ವತಃ ಸಂಕೇತಸ್ಥಾನಕ್ಕೆ ಹೋಗುತ್ತಾಳೆ. ಪ್ರೇಮಪರವಶನಾದ ದೊರೆಯು ತನ್ನೆದುರಿಗೆ ನಿಂತಿರುವ ಸ್ವಂತ ಹೆಂಡತಿಯನ್ನೇ ಹೆಂಡತಿಯ ವೇಷದಲ್ಲಿರುವ ಸಾಗರಿಕೆಯೆಂದು ಭ್ರಮಿಸಿ, ಪ್ರಣಯದ ಮಾತುಗಳನ್ನು ಆಡುತ್ತಾ ಹೋಗುತ್ತಾನೆ. ವರ್ಷಗಟ್ಟಲೆ ಕಂಡ ಮುಖವು ಅವನಿಗೆ ಕಾಣಿಸುವುದಿಲ್ಲ. ಬಯಸಿದ ಮುಖವು ಮಾತ್ರ ಕಾಣಿಸುತ್ತದೆ.

ಇದು ನಾಟಕಕಾರನ ಅತಿಶಯೋಕ್ತಿಯೆ? ಪೂರ್ತಿ ಅಲ್ಲ. ಇಟಲಿಯ ಡೊನಾಟೆಲ್ಲಾ ಮಾರಾಜ್ಜಿತಿ ಮತ್ತು ಅವರ ಸಂಗಡಿಗರು 1999ರಲ್ಲಿ, ಹೊಸದಾಗಿ ಪ್ರೇಮದಲ್ಲಿ ಬಿದ್ದಿದ್ದ 20 ಜನರ, ಒಂದೇ ಯೋಚನೆಯು ಬೇಡವೆಂದರೂ ಮರುಕಳಿಸುವ ಗೀಳುರೋಗದ 20 ಜನರ ಮತ್ತು ಇತರ 20 ಜನರ ರಕ್ತವನ್ನು ಹೋಲಿಸಿದರು. ಸೆರಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಒಂದು ಪ್ರೋಟೀನು ರಕ್ತದ ಕಿರುಬಿಲ್ಲೆಗಳಲ್ಲಿ ಪ್ರೇಮಿಗಳಿಗೂ ಗೀಳುರೋಗಿಗಳಿಗೂ ಏಕಪ್ರಕಾರವಾಗಿ ಕಡಮೆಯಾಗಿದ್ದಿತು. ಒಂದು ವರ್ಷಕ್ಕೆ ಮೀರಿ ಕಾಲ ಕಳೆದ ಮೇಲೆ ಪ್ರೇಮಿಗಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಆ ಕೊರತೆಯು ಮಾಯವಾಗಿದ್ದಿತು. 2005ರಲ್ಲಿ ಅಮೆರಿಕದ ಆರ್ಥರ್ ಆರನ್, ಹೆಲೆನ್ ಫಿಶರ್ ಮೊದಲಾದವರು ಪ್ರೇಮದಲ್ಲಿ ಮುಳುಗಿದ್ದ 17 ಜನರಿಗೆ ಅವರ ಪ್ರಿಯರ ಭಾವಚಿತ್ರವನ್ನು ತೋರಿಸಿ ಮಿದುಳನ್ನು ಚಿತ್ರಿಸಿದಾಗ, ಡೋಪಮೀನ್ ಹೇರಳವಾಗಿರುವ, ಬಹುಮಾನದ ಆಸೆಗೆ ಸ್ಪಂದಿಸುವ ಭಾಗಗಳು ಬೆಳಗಿದುವು. ಲಂಡನ್ನಿನ ಬಾರ್ಟೆಲ್ಸ್ ಮತ್ತು ಜೆಕಿ ಎಂಬುವರು 2000 ಮತ್ತು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಪ್ರಿಯರನ್ನು ನೋಡುವಾಗ ಇತರರನ್ನು ತೂಗಿ ನೋಡುವ ವ್ಯಾಪಾರಕ್ಕೆ ಸಂಬಂಧಿಸಿದ ಕೆಲವು ಭಾಗಗಳು ತಣ್ಣಗಾಗುವುದನ್ನು ವರದಿ ಮಾಡಿದರು. ಇವೆಲ್ಲವೂ ಕೆಲವೇ ಜನರ ಮೇಲೆ ನಡೆದ ಪರೀಕ್ಷೆಗಳು. ರಕ್ತದ ಕಿರುಬಿಲ್ಲೆಯೇ ಮಿದುಳಲ್ಲ. ಇವನ್ನು ಪ್ರೇಮದ ಅಂತಿಮ ವ್ಯಾಖ್ಯಾನವೆಂದು ತಿಳಿಯಕೂಡದು. ಆದರೂ ಪ್ರೇಮದ ಆರಂಭದೆಸೆಯಲ್ಲಿ ಮನಸ್ಸು ಒಂದೇ ಗೂಟಕ್ಕೆ ಕಟ್ಟಿದಂತಾಗುವುದೆಂಬ ಅನುಭವಕ್ಕೂ ಇವಕ್ಕೂ ವಿರೋಧವಿಲ್ಲ.

ಷೇಕ್ಸ್‌ಪಿಯರ್ ಕವಿಯ ವಿನೋದ ನಾಟಕವೊಂದರಲ್ಲಿ, ಹೂವಿನ ರಸವನ್ನು ಕಣ್ಣಿಗೆ ಹಿಂಡಿದರೆ ಎಚ್ಚತ್ತೊಡನೆ ಮೊದಲು ಕಂಡವರಲ್ಲಿ ಮೋಹವುಂಟಾಗುತ್ತದೆ. ರಾಣಿಯೊಬ್ಬಳು ಕತ್ತೆಯ ತಲೆಯವನನ್ನು ಮೋಹಿಸುತ್ತಾಳೆ. ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರಮೀಳಾರ್ಜುನೀಯ’ವೆಂಬ ಹೆಸರಿನಿಂದ ಕನ್ನಡಕ್ಕೆ ಹೊಂದಿಸಿಕೊಂಡದ್ದು ಆ ನಾಟಕವನ್ನೇ. ನಮ್ಮ ನೆತ್ತರಿನಲ್ಲಿಯೇ ಅಂಥ ರಸಗಳಿವೆಯೆಂದು ಇಂದಿನ ವಿಜ್ಞಾನ ಹೇಳುತ್ತದೆ. ವ್ಯತ್ಯಾಸವೇನೆಂದರೆ, ನಾಟಕದಲ್ಲಿ ರಸವನ್ನು ಹಿಂಡಿದ ಯಕ್ಷನು ಪ್ರೇಕ್ಷಕರ ಕಣ್ಣಿಗೆ ಕಾಣುತ್ತಾನೆ, ಬಾಳಿನಲ್ಲಿ ಕಾಣುವುದಿಲ್ಲ. ವಿನೋದ ನಾಟಕದಲ್ಲಿ ನಮಗೆ ನಗು ಬರುವುದಕ್ಕೆ ಮುಖ್ಯ ಕಾರಣವೇ ಇದು: ಪಾತ್ರಗಳಿಗೆ ತಿಳಿಯದ ಸತ್ಯವು ನಮಗೆ ತಿಳಿದಿರುತ್ತದೆ.

ಘುಣಾಕ್ಷರದ ಪರೀಕ್ಷೆ

ಇನ್ನು ಎರಡನೆಯ ಪದರ, ಎಂದರೆ ಅನುಮಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯಿದೆಯಷ್ಟೆ. ಆದರೆ ಇಂಥ ಕಣ್ಣು ಅಸೂಯಾಪರರಿಗೆ ಮಾತ್ರ ಇರುವುದೆಂದು ಭಾವಿಸುವುದು ತಪ್ಪು. ಇಂಗ್ಲೆಂಡಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞನು 1960ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ 2, 4, 6 ಎಂಬ ಮೂರು ಅಂಕಗಳನ್ನಿಟ್ಟು, ಇವು ಯಾವ ನಿಯಮವನ್ನು ಅನುಸರಿಸುತ್ತವೆ, ಬೇರೆ ಅಂಕಗಳನ್ನು ಹೇಳಿ ಪರೀಕ್ಷಿಸಿ ಕಂಡುಹಿಡಿಯಿರಿ ಎಂದನು. ಬಹುಮಂದಿ ‘ಎರಡೆರಡಾಗಿ ಏರುವ ಅಂಕಗಳು’ ಎಂಬಂಥ ನಿಯಮವನ್ನು ಮನಸ್ಸಿನಲ್ಲಿ ಊಹಿಸಿಕೊಂಡು, 8, 10, 12 ಮುಂತಾಗಿ ಆ ಊಹೆಗೆ ಒಪ್ಪುವ ಅಂಕಗಳನ್ನೇ ಕೇಳುತ್ತ ಹೋದರು. ಪ್ರತಿಯೊಂದಕ್ಕೂ ಸರಿಯೆಂಬ ಉತ್ತರವೇ ಬಂದಿತು. ಕೊನೆಯಲ್ಲಿ ಹೇಳಿದ ನಿಯಮ ಮಾತ್ರ ತಪ್ಪಾಯಿತು. ನಿಜವಾದ ನಿಯಮ ‘ಏರುತ್ತ ಹೋಗುವ ಯಾವ ಮೂರು ಅಂಕಗಳಾದರೂ ಸರಿ’ ಎಂಬುದಷ್ಟೆ. 1, 2, 17 ಎಂದು ಒಮ್ಮೆ ಕೇಳಿದ್ದರೆ ಗುಟ್ಟು ಹೊರಬೀಳುತ್ತಿದ್ದಿತು. ತಮ್ಮ ಊಹೆಯನ್ನು ಮುರಿಯಬಲ್ಲ ಪ್ರಶ್ನೆಯನ್ನು ಅವರು ಕೇಳಲಿಲ್ಲ.

ಅಸೂಯೆಯು ಈ ಸಹಜ ದೋಷಕ್ಕೆ ಬೆಂಕಿ ಹಚ್ಚುತ್ತದೆ. ಬಸವಪ್ಪಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯೆಂದು ಕನ್ನಡಕ್ಕೆ ತಂದ ಷೇಕ್ಸ್‌ಪಿಯರನ ‘ಒಥೆಲೊ’ ಇದರ ದುರಂತ ರೂಪ. ಒಂದು ಕರವಸ್ತ್ರವು ಪರರ ಕೈಯಲ್ಲಿ ಸಿಕ್ಕಿತೆಂಬುದೇ ಅಲ್ಲಿ ಸಾಕ್ಷ್ಯ. ಹೆಂಡತಿಯು ಅತ್ತರೆ ಅಪರಾಧದ ಗುರುತು, ಅಳದಿದ್ದರೆ ಕಾಠಿಣ್ಯದ ಗುರುತು. ಯಾವ ಉತ್ತರ ಬಂದರೂ ಊಹೆಯು ಸುಳ್ಳಾಗದಂತೆ ಪ್ರಶ್ನೆಯನ್ನು ಕಟ್ಟಿಕೊಂಡವನು ಪರೀಕ್ಷೆ ಮಾಡುತ್ತಿಲ್ಲ, ತೀರ್ಪನ್ನು ಓದುತ್ತಿದ್ದಾನೆ. ಆಧಾರವಿಲ್ಲದ ಸಂಶಯವು ಬೇರೂರಿ ಮನೋರೋಗವೇ ಆಗುವುದುಂಟು. 1955ರಲ್ಲಿ ಇಬ್ಬರು ವೈದ್ಯರು ಅದಕ್ಕೆ ಆ ನಾಯಕನ ಹೆಸರನ್ನೇ ಇಟ್ಟರು.

ಈಗ ವಾಸವದತ್ತೆಯನ್ನು ಮತ್ತೆ ನೋಡಿ. ಆಕೆಯ ಮುಂದೆ ಕಾಕತಾಳೀಯವೆಂಬ ಎದುರು ಊಹೆಯನ್ನು ದಾಸಿಯು ಇಟ್ಟಳು. ಆಕೆ ಅದನ್ನು ಕೇಳಿದಳು. ಸಾಕ್ಷಿಯ ಸತ್ಯಸಂಧತೆಯನ್ನು ತೂಗಿ ನೋಡಿ ತಿರಸ್ಕರಿಸಿದಳು. ಅಷ್ಟಕ್ಕೇ ಆರೋಪವನ್ನು ಹೊರಿಸದೆ ತಲೆನೋವಿನ ನೆಪದಿಂದ ಹಿಂದೆ ಸರಿದಳು. ಬಳಿಕ ಸುಳಿವು ಸಿಕ್ಕಾಗ ತಾನೇ ಸ್ಥಳಕ್ಕೆ ಹೋಗಿ ಪ್ರತ್ಯಕ್ಷ ಪ್ರಮಾಣವನ್ನು ಪಡೆದಳು. ರಾಜನ ಬಾಯಿಂದ ಬೇರೆ ಮಾತು ಬಂದಿದ್ದರೆ ಆಕೆಯ ಊಹೆಯು ಅಲ್ಲಿಯೇ ಮುರಿದು ಬೀಳುತ್ತಿದ್ದಿತು. ವೇಸನ್ನನ ವಿದ್ಯಾರ್ಥಿಗಳು ಮಾಡದ ಕೆಲಸವನ್ನು ಆಕೆ ಮಾಡಿದಳು. ನಾಟಕದ ಪಾತ್ರಗಳಲ್ಲೆಲ್ಲ ಸರಿಯಾಗಿ ವಿಚಾರ ಮಾಡಿದವಳು ಆಕೆಯೇ. ಆದರೂ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಪ್ರೇಕ್ಷಕರು ಆಕೆಯನ್ನೇ ಮತ್ಸರಿಯೆಂದು ನಕ್ಕಿದ್ದಾರೆ. ಗಂಡನು ಮಾಡಿದ್ದು ‘ವಿಲಾಸ’, ಹೆಂಡತಿಯು ಕಂಡದ್ದು ‘ಮತ್ಸರ’! ಅರಸರಿಗೆ ಬಹುಪತ್ನಿತ್ವವು ಆ ಕಾಲದ ಪದ್ಧತಿಯಾಗಿದ್ದಿತೆಂದು ಕೆಲವರು ಸಮಾಧಾನ ಹೇಳಬಹುದು. ಪದ್ಧತಿಯಾದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ, ಸುಳ್ಳು ಸತ್ಯವಾಗುವುದೂ ಇಲ್ಲ.

ಎಡವಿದ ಸ್ಥಳ

ಹಾಗಾದರೆ ರಾಣಿಯಲ್ಲಿ ದೋಷವೇ ಇಲ್ಲವೆ? ಇದೆ; ಅದು ಮೂರನೆಯ ಪದರದಲ್ಲಿದೆ. ತಪ್ಪು ಮಾಡಿದ ರಾಜನು ಕಾಲಿಗೆ ಬೀಳುತ್ತಾನೆ. ಅವನನ್ನು ಹಾಗೆಯೇ ಬಿಟ್ಟು ಬಂದೆನಲ್ಲಾ ಎಂದು ಆಕೆಗೇ ಮರುಕವುಂಟಾಗುತ್ತದೆ. ಆದರೆ ಸಾಗರಿಕೆಗೆ? ಬಳ್ಳಿಯ ಉರುಲನ್ನು ಕೊರಳಿಗೆ ಹಾಕಿಕೊಂಡು ಸಾಯಹೊರಟಿದ್ದ ಆ ಅನಾಥೆಯನ್ನು ರಾಣಿಯು ಸೆರೆಗೆ ನೂಕುತ್ತಾಳೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿಯೂ ಹೀಗೆಯೇ: ರಾಜನ ಚಪಲಕ್ಕೆ ನೆಲಮಾಳಿಗೆಯ ಸೆರೆಯನ್ನು ಅನುಭವಿಸುವವಳು ಪರಿಚಾರಿಕೆಯಾಗಿದ್ದ ಮಾಲವಿಕೆ. ಕೋಪವು ಬಲಿಷ್ಠನನ್ನು ಬಿಟ್ಟು ದುರ್ಬಲಳ ಮೇಲೆ ಎರಗುತ್ತದೆ. ಆಟದ ನಾಯಿಯನ್ನು ಕಚ್ಚಲು ಹೋದ ಆ ಸಾಕು ನಾಯಿಗಳನ್ನು ವಾಚಕರು ಈಗ ನೆನೆಯಲಿ. ಮುದ್ದಿಸಿದವನು ಯಜಮಾನ, ಕಚ್ಚಿಸಿಕೊಂಡದ್ದು ಗೊಂಬೆ.

ಅಸೂಯೆಯ ನಿಜವಾದ ಅವಿವೇಕವು ಇಲ್ಲಿದೆ ಎಂಬುದೇ ನಮ್ಮ ಮುಖ್ಯ ಮಾತು. ಭಾವವು ಪ್ರಕೃತಿಯ ಕೊಡುಗೆ. ಅನುಮಾನವು ಸರಿಯೋ ತಪ್ಪೋ ಆಗಬಹುದು, ಪರೀಕ್ಷಿಸಿ ತಿಳಿಯಬೇಕು. ಆದರೆ ಅನುಮಾನವು ಸರಿಯಾದರೂ ಕ್ರಿಯೆಯು ತಪ್ಪಾಗಬಹುದು. ನನ್ನ ಸಂಶಯ ನಿಜವಾಯಿತು ಎಂಬುದು ಇನ್ನೊಬ್ಬರನ್ನು ಕೂಡಿಹಾಕುವುದಕ್ಕೆ, ಹೊಡೆಯುವುದಕ್ಕೆ ಕೊಟ್ಟ ರಹದಾರಿಯಲ್ಲ. ಸ್ತ್ರೀಯರ ಮೇಲೆ ಮನೆಯೊಳಗೆ ನಡೆಯುವ ಹಿಂಸೆಗೆ ಪುರುಷನ ಸಂಶಯವು ಪದೇ ಪದೇ ಕಾರಣವಾಗುತ್ತದೆಂದು ನಾನಾ ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಅಲ್ಲಿ ಸಂಶಯವು ನಿಜವೋ ಸುಳ್ಳೋ ಎಂದು ಕೇಳುವುದೇ ಅಪ್ರಸ್ತುತ. ಎತ್ತಿದ ಕೈಯೇ ಅಪರಾಧ.

ಹರ್ಷನ ಹೆಗ್ಗಳಿಕೆಯೆಂದರೆ, ರಾಣಿಯನ್ನು ಅವನು ಅಲ್ಲಿಯೇ ಬಿಡಲಿಲ್ಲ. ಕೊನೆಯ ಅಂಕದಲ್ಲಿ ಇಂದ್ರಜಾಲದ ಬೆಂಕಿ ಅಂತಃಪುರವನ್ನು ಕವಿದಂತೆ ಕಂಡಾಗ, ನನ್ನ ನಿರ್ದಯೆಯಿಂದ ಸೆರೆಯಲ್ಲಿರುವ ಸಾಗರಿಕೆಯು ಸುಟ್ಟುಹೋಗುತ್ತಾಳೆ, ಕಾಪಾಡಿರೆಂದು ಕೂಗುವವಳು ವಾಸವದತ್ತೆಯೇ. ಸಾಗರಿಕೆಯು ತನ್ನ ಸೋದರಿಯ ಸಂಬಂಧದವಳೆಂಬುದು ಆಕೆಗೆ ಗೊತ್ತಾಗುವುದು ಆಮೇಲೆ. ಗೊತ್ತಾಗುವ ಮೊದಲೇ ಕೂಗಿದಳು ಎಂಬುದನ್ನು ಗಮನಿಸಬೇಕು. ಬೆಂಕಿಯು ಮಾಯೆಯಾಗಿದ್ದಿತು; ಕೂಗು ಮಾಯೆಯಾಗಿರಲಿಲ್ಲ.

ಸ್ಥಾಯಿ ಮತ್ತು ಸಂಚಾರಿ

ಅಸೂಯೆಯಿಲ್ಲದ ಪ್ರೀತಿ ಉಪ್ಪಿಲ್ಲದ ಅಡುಗೆಯಂತೆ ಎಂದು ಹೇಳುವವರಿದ್ದಾರೆ. ನಮ್ಮ ಚಲನಚಿತ್ರಗಳೂ ಅನೇಕ ವೇಳೆ ಇದನ್ನೇ ಬೋಧಿಸುತ್ತವೆ. ಇವರಿಗೆ ಭರತಮುನಿಯೇ ಉತ್ತರ ಕೊಟ್ಟಿದ್ದಾನೆ. ನಾಟ್ಯಶಾಸ್ತ್ರದಲ್ಲಿ ರತಿಯು ಎಂಟು ಸ್ಥಾಯಿಭಾವಗಳಲ್ಲಿ ಒಂದು. ಅಸೂಯೆಯಾದರೋ ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಒಂದು. ಆ ಪಟ್ಟಿಯಲ್ಲಿ ಮೂರನೆಯದು ಶಂಕೆ, ಅದರ ಬೆನ್ನಿಗೇ ನಾಲ್ಕನೆಯದು ಅಸೂಯೆ. ಪ್ರೀತಿಯಲ್ಲಿ ಅಸೂಯೆಯು ಬರಬಾರದೆಂದು ಮುನಿಯು ಹೇಳಲಿಲ್ಲ. ಬಂದದ್ದು ಹೋಗಬೇಕೆಂದು ಅದರ ವರ್ಗವೇ ಸಾರುತ್ತದೆ. ಅತಿಥಿಯು ಮನೆಯ ಯಜಮಾನನಾಗಿ ಕುಳಿತಾಗ ರಸಭಂಗವಾಗುತ್ತದೆ. ಅಸೂಯೆಯಿಂದ ಪ್ರೀತಿಯನ್ನು ಅಳೆಯುವುದು ಜ್ವರದಿಂದ ಆರೋಗ್ಯವನ್ನು ಅಳೆದಂತೆ.

ತರುಣ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ವಾಸವದತ್ತೆಯ ಅರಮನೆಯಲ್ಲಿ ಗುಟ್ಟನ್ನು ಒದರುವ ಸಾರಿಕೆಯು ಒಂದೇ ಇದ್ದಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಮೊಬೈಲು ಉಂಟು. ಯಾರು ಯಾವಾಗ ಎಚ್ಚರವಿದ್ದರು, ಯಾರ ಚಿತ್ರದ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೆಲ್ಲ ಅದು ಒದರುತ್ತಲೇ ಇರುತ್ತದೆ. ಅದರ ಪಾಸ್‌ವರ್ಡನ್ನು ಒಪ್ಪಿಸುವುದೇ ಪ್ರೀತಿಯ ಪ್ರಮಾಣವೆಂದು ಕೇಳುವವರೂ ಕೊಡುವವರೂ ಇದ್ದಾರೆ. ಹೀಗೆ ದೊರೆಯುವ ಸುಳಿವುಗಳಲ್ಲಿ ಹುಳು ಕೊರೆದ ಗೀರು ಯಾವುದು, ಬರೆದ ಅಕ್ಷರ ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ನಿಮಗಿರಲಿ. ನಿಮ್ಮ ಊಹೆಯನ್ನು ಮುರಿಯಬಲ್ಲ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಿ. ಊಹೆಯು ನಿಜವೆಂದೇ ತಿಳಿದುಬಂದರೆ ಎದ್ದು ಹೋಗುವ ಹಕ್ಕು ನಿಮಗಿದೆ. ಇನ್ನೊಬ್ಬರನ್ನು ಕಟ್ಟಿಹಾಕುವ ಹಕ್ಕು ಇಲ್ಲ. ನಿಮ್ಮ ನೇರ ಪ್ರಶ್ನೆಯನ್ನು ಮತ್ಸರವೆಂದು ನಕ್ಕು ತಳ್ಳಿಹಾಕುವವರಿದ್ದರೆ, ಆ ನಗುವಿಗೆ ಬೆದರಿ ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲವೆಂದು ಹೇಳಬೇಡಿ.

ಇನ್ನೊಮ್ಮೆ ಊರ ಮುಂದೆ ರಂಗ ಕಟ್ಟಿ, ಹಾರ್ಮೋನಿಯಂ ಮೊಳಗಿ, ಮುನಿದ ರಾಣಿಯು ಆಭರಣಗಳನ್ನು ಕಿತ್ತೆಸೆದಾಗ ನಗು ಬಂದರೆ ಧಾರಾಳವಾಗಿ ನಗೋಣ, ನಾಟಕವಿರುವುದೇ ಅದಕ್ಕಾಗಿ. ನಕ್ಕು ಮುಗಿದ ಮೇಲೆ, ಆಕೆಯು ಹೇಳಿದ ಮಾತು ನಿಜವಾಗಿದ್ದಿತೇ ಎಂದು ಪಕ್ಕದಲ್ಲಿ ಕುಳಿತವರನ್ನು ಕೇಳೋಣ.